ಎಳೆಯ ಆಟಗಾರನ ಸಹಿಯಲ್ಲಿ ಕ್ಲಬ್ ಕೊಳ್ಳುವುದೇನು?

ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್, ಬೇಸ್‌ಬಾಲ್ ಮೊಗಲ್ ಮುಂತಾದ ಕಂಪ್ಯೂಟರ್ ಗೇಮ್‌ಗಳಲ್ಲಿ ನಾವು ಬ್ಯಾಟು ಬೀಸುವುದಿಲ್ಲ, ಚೆಂಡು ಎಸೆಯುವುದಿಲ್ಲ. ನಮಗೆ ಸಿಗುವುದು ಕ್ಲಬ್ಬಿನ ಜನರಲ್ ಮ್ಯಾನೇಜರನ ಕುರ್ಚಿ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಟ್ಟುಕೊಡಬೇಕು, ಯಾರಿಗೆ ಎಷ್ಟು ವರ್ಷದ ಕರಾರು ಬರೆದುಕೊಡಬೇಕು ಎನ್ನುವ ಲೆಕ್ಕಾಚಾರವೇ ಅಲ್ಲಿನ ಆಟ. ಅಮೆರಿಕದ ಮೇಜರ್ ಲೀಗಿನ ಸಂಬಳದ ನಿಯಮಗಳನ್ನು, ಅದರಲ್ಲೂ ಜರ್ಮನಿಯ ಮಾರ್ಕುಸ್ ಹೈನ್‌ಸೋನ್ ಕಟ್ಟಿದ ಔಟ್ ಆಫ್ ದಿ ಪಾರ್ಕ್‌ನಲ್ಲಿ, ಬಹುಮಟ್ಟಿಗೆ ಇದ್ದ ಹಾಗೆಯೇ ಅಳವಡಿಸಿದ್ದಾರೆ. ಈ ಗೇಮ್‌ಗಳನ್ನು ಆಡುವವರ ನಡುವೆ ಒಂದು ಬುದ್ಧಿಮಾತು ಬಹಳ ಕಾಲದಿಂದ ಚಾಲ್ತಿಯಲ್ಲಿದೆ: ಒಳ್ಳೆಯ ಹುಡುಗ ಸಿಕ್ಕರೆ ತಡಮಾಡಬೇಡಿ, ಸಂಬಳ ಏರುವ ಮೊದಲೇ ದೀರ್ಘ ಕರಾರಿಗೆ ಸಹಿ ಹಾಕಿಸಿಕೊಳ್ಳಿ. ಮಾತು ಸರಿಯೇ. ಆದರೆ ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಸರಿಯಿಲ್ಲ. ಮುಂದೆ ಕೊಡಬೇಕಾದ ಸಂಬಳದಲ್ಲಿ ಉಳಿತಾಯವಾಗುತ್ತದೆ ಎಂಬುದು ಆ ಕಾರಣ. ಈ ನಂಬಿಕೆಯ ಮೇಲೆ ಬರೆದ ಕರಾರುಗಳಲ್ಲಿ ಎಷ್ಟೋ ಕ್ಲಬ್ಬಿಗೆ ನಷ್ಟವನ್ನೇ ತರುತ್ತವೆ. ಕ್ಲಬ್ ಇಲ್ಲಿ ಮಾಡುವ ವ್ಯಾಪಾರ ಬೇರೆಯದೇ ಬಗೆಯದು. ಅದು ವಿಮೆಯ ವ್ಯಾಪಾರ.

ಮೊದಲು ನಿಯಮ ನೋಡೋಣ. ಮೇಜರ್ ಲೀಗಿಗೆ ಬಂದ ಆಟಗಾರ ಆರು ವರ್ಷದ ಸೇವೆ ಮುಗಿಸುವವರೆಗೆ ಬೇರೆ ಕ್ಲಬ್ಬಿಗೆ ಹೋಗುವಂತಿಲ್ಲ. ಒಂದು ಹಂಗಾಮಿನಲ್ಲಿ 172 ದಿನ ತಂಡದ ಪಟ್ಟಿಯಲ್ಲಿದ್ದರೆ ಒಂದು ವರ್ಷದ ಸೇವೆ. 2015ರಲ್ಲಿ ಷಿಕಾಗೊ ಕಬ್ಸ್ ತಂಡ ಕ್ರಿಸ್ ಬ್ರಯಾಂಟ್‌ನನ್ನು ಕೆಲವು ದಿನ ತಡವಾಗಿ ಕರೆಸಿಕೊಂಡಿದ್ದರಿಂದ ಆತನಿಗೆ ದಕ್ಕಿದ್ದು 171 ದಿನ. ಆ ಒಂದು ದಿನದ ಕೊರತೆಗೆ ಆತನ ಬಿಡುಗಡೆ ಇಡೀ ಒಂದು ವರ್ಷ ಮುಂದಕ್ಕೆ ಹೋಯಿತು. ಮೊದಲ ಮೂರು ವರ್ಷ ಹೆಚ್ಚುಕಡಿಮೆ ಕನಿಷ್ಠ ಸಂಬಳ. 2026ರಲ್ಲಿ ಅದು 7.8 ಲಕ್ಷ ಡಾಲರ್. ನಂತರದ ಮೂರು ವರ್ಷ ಆರ್ಬಿಟ್ರೇಷನ್ ಕಾಲ. ಆಟಗಾರ ಒಂದು ಮೊತ್ತ ಕೇಳುತ್ತಾನೆ, ಕ್ಲಬ್ ಒಂದು ಮೊತ್ತ ಹೇಳುತ್ತದೆ, ರಾಜಿಯಾಗದಿದ್ದರೆ ಪಂಚರು ಎರಡರಲ್ಲೊಂದನ್ನು ಆರಿಸುತ್ತಾರೆ. ಆರು ವರ್ಷ ಕಳೆದ ಮೇಲೆ ಆತ ಫ್ರೀ ಏಜೆಂಟ್, ಅಂದರೆ ಮಾರುಕಟ್ಟೆಯ ಬೆಲೆಗೆ ಯಾವ ಕ್ಲಬ್ಬನ್ನಾದರೂ ಸೇರಬಹುದು. ಐಪಿಎಲ್ ಹರಾಜು ನೋಡಿ ಬೆಳೆದವರಿಗೆ ಈ ಪದ್ಧತಿ ವಿಚಿತ್ರವೆನಿಸಬಹುದು. ಅಲ್ಲಿ ಕೆಲವು ವರ್ಷಗಳಿಗೊಮ್ಮೆ ಮೆಗಾ ಹರಾಜು ನಡೆದು ಬಹುಪಾಲು ಆಟಗಾರರು ಮತ್ತೆ ಹರಾಜಿನ ಪಟ್ಟಿ ಸೇರುತ್ತಾರೆ. ಹತ್ತೊಂಬತ್ತರ ಹುಡುಗನ ಮುಂದಿನ ಹತ್ತು ವರ್ಷವನ್ನು ಇಂದೇ ಕೊಳ್ಳುವ ದಾರಿ ಅಲ್ಲಿ ಫ್ರಾಂಚೈಸಿಗಳಿಗಿಲ್ಲ. ಬೇಸ್‌ಬಾಲ್‌ನಲ್ಲಿ ಆ ದಾರಿ ಇದೆ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಒಂದು ವರ್ಷದ ಸೇವೆ ಮುಗಿಸಿದ ಹುಡುಗನೊಬ್ಬ, ಎಲ್ಲವೂ ಸರಿಹೋದರೆ, ವರ್ಷಕ್ಕೆ 2 ಕೋಟಿ ಡಾಲರ್ ಬೆಲೆಯ ಆಟಗಾರ ಆಗುತ್ತಾನೆ ಎಂದುಕೊಳ್ಳಿ. ಕರಾರು ಮಾಡದೆ ವರ್ಷ ವರ್ಷ ಸಂಬಳ ಕೊಡುತ್ತ ಹೋದರೆ ಇನ್ನೆರಡು ಕನಿಷ್ಠ ಸಂಬಳದ ವರ್ಷಗಳಿಗೆ ಸುಮಾರು 15 ಲಕ್ಷ. ಆರ್ಬಿಟ್ರೇಷನ್ ವರ್ಷಗಳಲ್ಲಿ ಮಾರುಕಟ್ಟೆ ಬೆಲೆಯ ಶೇ 40, 60, 80 ಸಿಗುತ್ತದೆ ಎಂಬ ಹಳೆಯ ಅಂದಾಜನ್ನು ಹಿಡಿದರೆ 3.6 ಕೋಟಿ. ಐದು ವರ್ಷಕ್ಕೆ ಒಟ್ಟು 3.75 ಕೋಟಿ. ಆಮೇಲಿನ ಎರಡು ಸ್ವತಂತ್ರ ವರ್ಷಗಳನ್ನು ಮಾರುಕಟ್ಟೆಯಲ್ಲಿ ಕೊಂಡರೆ ಇನ್ನು 4 ಕೋಟಿ. ಏಳು ವರ್ಷದ ಒಟ್ಟು ಖರ್ಚು 7.75 ಕೋಟಿ. ಹುಡುಗ ಬೆಳೆಯದೇ ಹೋದರೆ ಮೂರನೇ ವರ್ಷದ ಹೊತ್ತಿಗೆ ಸುಮಾರು 30 ಲಕ್ಷ ಖರ್ಚಾಗಿರುತ್ತದೆ, ಅಲ್ಲಿಗೆ ಅವನನ್ನು ಕೈಬಿಡಬಹುದು. ಈಗ ಅವನ ಮುಂದೆ ಒಂದು ಕರಾರು ಇಡಿ: ಐದು ವರ್ಷಕ್ಕೆ 2.5 ಕೋಟಿ ಖಾತರಿ, ಅದರ ಬೆನ್ನಿಗೆ ಎರಡು ಕ್ಲಬ್ ಆಪ್ಷನ್, ಒಂದೊಂದಕ್ಕೆ 1.2 ಕೋಟಿ. ಬೇಕೆನಿಸಿದರೆ ಮಾತ್ರ ಕ್ಲಬ್ ಆ ಎರಡು ವರ್ಷ ಅವನನ್ನು ಉಳಿಸಿಕೊಳ್ಳುತ್ತದೆ. ಹುಡುಗ ಗೆದ್ದರೆ ಕ್ಲಬ್ ಕೊಡುವುದು 4.9 ಕೋಟಿ, ಉಳಿಸುವುದು 2.85 ಕೋಟಿ. ಸೋತರೆ ಕ್ಲಬ್ಬಿಗೆ ಆಗುವ ಹೆಚ್ಚಿನ ನಷ್ಟ 2.2 ಕೋಟಿ. ಈ ಎರಡನ್ನು ತೂಗಿದರೆ, ಹುಡುಗ ಗೆಲ್ಲುವ ಸಂಭವ ಶೇ 44ರಷ್ಟಿದ್ದರೆ ಸಾಕು, ಕರಾರು ಸರಿದೂಗುತ್ತದೆ.

ಅದೇ ಕರಾರಿನಿಂದ ಎರಡು ಆಪ್ಷನ್‌ಗಳನ್ನು ತೆಗೆದುಬಿಡಿ. ಉಳಿಯುವುದು ಐದು ವರ್ಷಕ್ಕೆ 2.5 ಕೋಟಿ. ಗೆದ್ದರೆ ಉಳಿತಾಯ 1.25 ಕೋಟಿ, ಸೋತರೆ ನಷ್ಟ ಹಿಂದಿನಂತೆ 2.2 ಕೋಟಿ. ಈಗ ಕರಾರು ಸರಿದೂಗಲು ಗೆಲುವಿನ ಸಂಭವ ಶೇ 64 ಇರಬೇಕು. ಇನ್ನೊಂದು ಬಗೆಯಲ್ಲಿ, ಆ ಎರಡು ವರ್ಷಗಳನ್ನೂ ಖಾತರಿಗೆ ಸೇರಿಸಿ ಏಳು ವರ್ಷಕ್ಕೆ 4.9 ಕೋಟಿ ಬರೆದುಕೊಟ್ಟರೆ, ಗೆದ್ದಾಗಿನ ಲಾಭ ಬದಲಾಗುವುದಿಲ್ಲ, ಸೋತಾಗಿನ ನಷ್ಟ ಮಾತ್ರ 4.6 ಕೋಟಿಗೆ ಏರುತ್ತದೆ. ಬೇಕಾದ ಸಂಭವ ಶೇ 62. ಒಂದೇ ಹುಡುಗ, ಒಂದೇ ಪ್ರತಿಭೆ, ಹೆಚ್ಚುಕಡಿಮೆ ಅದೇ ಹಣ. ಆದರೂ ಶೇ 44ಕ್ಕೂ ಶೇ 64ಕ್ಕೂ ನಡುವೆ ಎಷ್ಟು ಅಂತರ! ಗೇಮ್ ಆಡುವ ಬಹಳ ಮಂದಿ ಎಡವುವುದು ಇಲ್ಲೇ. ಆರ್ಬಿಟ್ರೇಷನ್ ವರ್ಷಗಳ ಸಂಬಳ ಕಡಿಮೆಯಾಯಿತೆಂದು ಸಂತೋಷಪಟ್ಟು ಐದು ವರ್ಷದ ಖಾತರಿ ಕೊಟ್ಟುಬಿಡುತ್ತಾರೆ. ಆ ಐದು ವರ್ಷ ಮೊದಲೇ ಕ್ಲಬ್ಬಿನವು. ಕರಾರಿಲ್ಲದೆಯೂ ಹುಡುಗ ಎಲ್ಲಿಗೂ ಹೋಗುತ್ತಿರಲಿಲ್ಲ, ಕೆಟ್ಟರೆ ಕೈಬಿಡುವ ಹಕ್ಕೂ ಕ್ಲಬ್ಬಿಗಿತ್ತು. ನಿಜವಾಗಿ ಹೊಸದಾಗಿ ಕೈಗೆ ಬರುವುದು ಆರನೆಯ ವರ್ಷದ ಆಚೆಗಿನ ವರ್ಷಗಳು. ಅವು ಇಲ್ಲದ ಕರಾರಿನಲ್ಲಿ ಕ್ಲಬ್ ಹುಡುಗನಿಗೆ ವಿಮೆ ಕೊಡುತ್ತದೆ, ಅದಕ್ಕೆ ತಕ್ಕ ಪ್ರೀಮಿಯಂ ವಸೂಲಿ ಮಾಡುವುದಿಲ್ಲ.

ಇದಕ್ಕೆ ಇತಿಹಾಸವೇ ಸಾಕ್ಷಿ. 1975ರ ಕೊನೆಯಲ್ಲಿ ಆಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮ್ಯಾಕ್‌ನಾಲಿ ಪ್ರಕರಣದಲ್ಲಿ ಪಂಚ ಪೀಟರ್ ಸೈಟ್ಸ್ ತೀರ್ಪು ಕೊಡುವವರೆಗೆ ಆಟಗಾರ ತನ್ನ ಇಡೀ ವೃತ್ತಿಜೀವನ ಒಂದೇ ಕ್ಲಬ್ಬಿನ ಸೊತ್ತಾಗಿದ್ದ. ಅವನನ್ನು ಮಾರಬಹುದಿತ್ತು, ಅವನು ಮಾತ್ರ ಹೋಗುವಂತಿರಲಿಲ್ಲ. ಆ ಕಾಲದ ಕ್ಲಬ್ ಒಡೆಯರಿಗೆ ಎಳೆಯರ ಜೊತೆ ದೀರ್ಘ ಕರಾರು ಮಾಡುವ ಅಗತ್ಯವೇ ಇರಲಿಲ್ಲ, ಏಕೆಂದರೆ ಕೊಳ್ಳಲು ಸ್ವತಂತ್ರ ವರ್ಷಗಳೇ ಇರಲಿಲ್ಲ. ಔಟ್ ಆಫ್ ದಿ ಪಾರ್ಕ್‌ನಲ್ಲಿ ಹಳೆಯ ಕಾಲದ ಲೀಗನ್ನು ಆ ಕಾಲದ ನಿಯಮದೊಂದಿಗೇ ಆಡಬಹುದು. 1960ರಿಂದ ಶುರುಮಾಡಿದವರಿಗೆ ಇದು ಕಣ್ಣಿಗೆ ಕಟ್ಟುತ್ತದೆ. ಆಟಗಾರರಿಗೆ ಬಿಡುಗಡೆಯ ಹಕ್ಕು ಬಂದಮೇಲೆ, 1990ರ ದಶಕದ ಆರಂಭದಲ್ಲಿ, ಕ್ಲೀವ್‌ಲ್ಯಾಂಡ್‌ನ ಜನರಲ್ ಮ್ಯಾನೇಜರ್ ಜಾನ್ ಹಾರ್ಟ್ ಈ ತಂತ್ರವನ್ನು ಪದ್ಧತಿಯನ್ನಾಗಿ ಮಾಡಿದ. ಸ್ಯಾಂಡಿ ಅಲೋಮರ್, ಕಾರ್ಲೋಸ್ ಬಾಯೆರ್ಗಾ, ಚಾರ್ಲ್ಸ್ ನ್ಯಾಗಿ, ಕೆನ್ನಿ ಲಾಫ್ಟನ್ ಮುಂತಾದ ಹಲವರಿಗೆ ಆರ್ಬಿಟ್ರೇಷನ್ ಬರುವ ಮೊದಲೇ ಕರಾರು ಕೊಟ್ಟ. ಸಹಿ ಹಾಕಿದವರೆಲ್ಲ ತಾರೆಗಳಾಗಲಿಲ್ಲ. ಆದರೆ 1995 ಮತ್ತು 1997ರಲ್ಲಿ ಆ ಕ್ಲಬ್ ವರ್ಲ್ಡ್ ಸೀರೀಸ್ ತಲುಪಿತು. ಹಾರ್ಟ್‌ನ ಜಾಣ್ಮೆ ಇದ್ದದ್ದು ಯಾರೋ ಒಬ್ಬನನ್ನು ಸರಿಯಾಗಿ ಆರಿಸಿದ್ದರಲ್ಲಿ ಅಲ್ಲ; ಸಣ್ಣ ಸಣ್ಣ ಕರಾರುಗಳನ್ನು ಅನೇಕ ಮಂದಿಗೆ ಹಂಚಿದ್ದರಲ್ಲಿ. ಒಬ್ಬನಿಗೇ ಪಾಲಿಸಿ ಮಾರಿದ ವಿಮಾ ಕಂಪನಿ ಕಂಪನಿಯಲ್ಲ, ಜೂಜುಗಾರ.

ಹಾಗಾದರೆ ಆಟಗಾರ ಯಾಕೆ ಕಡಿಮೆಗೆ ಒಪ್ಪುತ್ತಾನೆ? ರೊನಾಲ್ಡ್ ಅಕುನ್ಯಾ ವೆನೆಜುವೆಲಾದಿಂದ ಅಟ್ಲಾಂಟಾ ಕ್ಲಬ್ಬಿಗೆ ಸಹಿ ಹಾಕಿದಾಗ ಸಿಕ್ಕಿದ್ದು 1 ಲಕ್ಷ ಡಾಲರ್. ಕ್ಯುರಾಸೌ ದ್ವೀಪದ ಆಜಿ ಆಲ್ಬೀಸ್‌ಗೆ 3.5 ಲಕ್ಷ. 2019ರ ಏಪ್ರಿಲ್‌ನಲ್ಲಿ, 21ರ ಅಕುನ್ಯಾ ಎಂಟು ವರ್ಷಕ್ಕೆ 10 ಕೋಟಿ ಡಾಲರ್ ಮತ್ತು ತಲಾ 1.7 ಕೋಟಿಯ ಎರಡು ಆಪ್ಷನ್‌ಗೆ ಒಪ್ಪಿದ. ಅದೇ ತಿಂಗಳು 22ರ ಆಲ್ಬೀಸ್ ಏಳು ವರ್ಷಕ್ಕೆ 3.5 ಕೋಟಿ, ತಲಾ 70 ಲಕ್ಷದ ಎರಡು ಆಪ್ಷನ್‌ಗೆ ಒಪ್ಪಿದ. ಮೊಣಕಾಲಿನ ಒಂದು ಸ್ನಾಯುರಜ್ಜು ಹರಿದರೆ ಎಲ್ಲವೂ ಮುಗಿದೀತು ಎನ್ನುವ ವಯಸ್ಸಿನಲ್ಲಿ, ಮೊದಲ ಕೆಲವು ಕೋಟಿಗಳು ಇಡೀ ಕುಟುಂಬದ ಬದುಕನ್ನೇ ಬದಲಿಸುತ್ತವೆ; ಆಮೇಲಿನ ಕೋಟಿಗಳಿಗೆ ಆ ಶಕ್ತಿ ಇಲ್ಲ. ಕ್ಲಬ್ಬಿಗೆ ಅವನು ಇಪ್ಪತ್ತಾರು ಮಂದಿಯಲ್ಲಿ ಒಬ್ಬ. ಅವನಿಗೆ ಅವನ ದೇಹ ಒಂದೇ. ಅಪಾಯವನ್ನು ಹೊರುವ ಶಕ್ತಿಯಲ್ಲಿರುವ ಈ ಅಂತರವೇ ಕರಾರಿನ ಬೆಲೆಯನ್ನು ನಿರ್ಧರಿಸುತ್ತದೆ. ಅಕುನ್ಯಾನ ಮುಂದಿನ ವರ್ಷಗಳು ಅವನ ಭಯ ಸುಳ್ಳಲ್ಲವೆಂದು ತೋರಿಸಿದವು: 2021ರಲ್ಲಿ ಬಲ ಮೊಣಕಾಲು, 2024ರಲ್ಲಿ ಎಡ ಮೊಣಕಾಲು. ಎರಡರ ನಡುವೆ 2023ರಲ್ಲಿ 41 ಹೋಂ ರನ್, 73 ಬೇಸ್ ಕಳವು, ಎಲ್ಲ ಮತಗಳೂ ಅವನಿಗೇ ಬಿದ್ದ ಎಂವಿಪಿ ಪ್ರಶಸ್ತಿ. ವಿಮೆ ಮಾಡಿಸಿದವನಿಗೂ ಕೊಟ್ಟವರಿಗೂ ಅದು ಕೆಲಸಕ್ಕೆ ಬಂದ ಅಪರೂಪದ ಕರಾರು.

ಈ ದೃಷ್ಟಿಯಿಂದ ನೋಡಿದರೆ ಸಹಿಗೆ ಸರಿಯಾದ ಸಮಯ ಯಾವುದು ಎಂಬುದೂ ತಿಳಿಯುತ್ತದೆ. ಇನ್ನೊಂದು ವರ್ಷ ಕಾದರೆ ಹುಡುಗನ ಬಗ್ಗೆ ಹೆಚ್ಚು ತಿಳಿಯುತ್ತದಲ್ಲ, ಆಗ ಕರಾರು ಮಾಡಿದರಾಯಿತು ಎಂದು ಕೆಲವರು ವಾದಿಸುತ್ತಾರೆ. ತಿಳಿಯುವುದು ಕ್ಲಬ್ಬಿಗೆ ಮಾತ್ರವಲ್ಲ, ಆಟಗಾರನಿಗೂ ತಿಳಿಯುತ್ತದೆ. ಜೊತೆಗೆ ಅವನ ಬ್ಯಾಂಕ್ ಖಾತೆ ತುಂಬಿದಷ್ಟೂ ವಿಮೆಯ ಅಗತ್ಯ ಇಳಿಯುತ್ತದೆ. ಹುವಾನ್ ಸೋಟೊ 2022ರಲ್ಲಿ ವಾಷಿಂಗ್ಟನ್ ಕ್ಲಬ್ ಮುಂದಿಟ್ಟ 15 ವರ್ಷದ 44 ಕೋಟಿ ಡಾಲರನ್ನು ಬೇಡವೆಂದ. ಆ ವೇಳೆಗೆ ಅವನು ಆರ್ಬಿಟ್ರೇಷನ್ ಹಂತ ತಲುಪಿ ಒಂದೇ ವರ್ಷಕ್ಕೆ 1.7 ಕೋಟಿಗಿಂತ ಹೆಚ್ಚು ಪಡೆಯುತ್ತಿದ್ದ. 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ಅವನಿಗೆ ಕೊಟ್ಟಿದ್ದು 15 ವರ್ಷಕ್ಕೆ 76.5 ಕೋಟಿ. ಇದಕ್ಕೆ ವಿರುದ್ಧವೆನಿಸುವ ಉದಾಹರಣೆಯೂ ಇದೆ: ಲೂಯಿಸ್ ರಾಬರ್ಟ್ 2017ರಲ್ಲೇ 2.6 ಕೋಟಿ ಬೋನಸ್ ಪಡೆದಿದ್ದರೂ, 2020ರ ಜನವರಿಯಲ್ಲಿ ಮೇಜರ್ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡುವ ಮುನ್ನ ಆರು ವರ್ಷದ 5 ಕೋಟಿಯ ಕರಾರಿಗೆ ಸಹಿ ಹಾಕಿದ. ಅಂಥವನು ಕೊಳ್ಳುತ್ತಿರುವುದು ಬೇರೊಂದನ್ನು. ಕರಾರಿದ್ದರೆ ಸೇವೆಯ ದಿನ ಎಣಿಸುತ್ತ ಅವನನ್ನು ಕೆಳಹಂತದ ಮೈನರ್ ಲೀಗಿನಲ್ಲಿ ಕೂರಿಸಲು ಕ್ಲಬ್ಬಿಗೆ ಕಾರಣವೇ ಉಳಿಯುವುದಿಲ್ಲ. ಹಂಗಾಮಿನ ಮೊದಲ ದಿನವೇ ಮೈದಾನಕ್ಕಿಳಿಯಬಹುದು.

ಸೋತ ಕರಾರುಗಳ ಪಟ್ಟಿ ಹಿಡಿದು ಬರುವವರಿಗೂ ಉತ್ತರ ಹೇಳಬೇಕು. ಹ್ಯೂಸ್ಟನ್ 2014ರಲ್ಲಿ ಜಾನ್ ಸಿಂಗಲ್‌ಟನ್‌ಗೆ ಐದು ವರ್ಷಕ್ಕೆ 1 ಕೋಟಿ, ಫಿಲಡೆಲ್ಫಿಯಾ 2018ರಲ್ಲಿ ಸ್ಕಾಟ್ ಕಿಂಗರಿಗೆ ಆರು ವರ್ಷಕ್ಕೆ 2.4 ಕೋಟಿ, ಸಿಯಾಟಲ್ 2019ರಲ್ಲಿ ಇವಾನ್ ವೈಟ್‌ಗೆ ಆರು ವರ್ಷಕ್ಕೆ 2.4 ಕೋಟಿ ಕೊಟ್ಟವು. ಮೂವರೂ ಮೇಜರ್ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ. ಮೂವರೂ ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ. ಆದರೆ ಮೂರೂ ಸೇರಿ 5.8 ಕೋಟಿ. ಅಕುನ್ಯಾ ಒಬ್ಬನೇ ಸ್ವತಂತ್ರನಾಗಬೇಕಿದ್ದ ವರ್ಷಗಳನ್ನು 1.7 ಕೋಟಿಯಂತೆ ಕೊಟ್ಟಿದ್ದಾನೆ. ಸೋಟೊಗೆ ವರ್ಷಕ್ಕೆ 5 ಕೋಟಿ ದಾಟಿದ ಮಾರುಕಟ್ಟೆಯಲ್ಲಿ ಅಂಥ ನಾಲ್ಕು ವರ್ಷದ ಬೆಲೆ ಆ ಮೂರು ನಷ್ಟವನ್ನು ಸುಲಭವಾಗಿ ಮೀರುತ್ತದೆ. ನಷ್ಟ ಬಿದ್ದದ್ದು ಬೇರೆ ಬೇರೆ ಕ್ಲಬ್ಬುಗಳ ಮೇಲೆ, ಲಾಭ ಪಡೆದದ್ದು ಇನ್ನೊಂದು ಕ್ಲಬ್ ಎಂಬುದು ನಿಜವಾದ ಆಕ್ಷೇಪ, ಅದನ್ನು ಒಪ್ಪಬೇಕು. ಅದಕ್ಕಾಗಿಯೇ ಹಾರ್ಟ್‌ನಂತೆ ಹಂಚುವುದು ಮುಖ್ಯ. ಮೂವರಿಗೂ ಪದಾರ್ಪಣೆಗೆ ಮುನ್ನವೇ ಕರಾರು ಸಿಕ್ಕಿತ್ತು ಎಂಬುದನ್ನೂ ಮರೆಯಬಾರದು. ಮಿಲ್ವಾಕಿ ಇದೇ ರೀತಿ ಜಾಕ್ಸನ್ ಚೌರಿಯೊಗೆ 8.2 ಕೋಟಿ ಕೊಟ್ಟು ಗೆದ್ದಿದೆ. ಇಪ್ಪತ್ತರ ವಯಸ್ಸಿಗೇ ಆತ ಒಂದೇ ಹಂಗಾಮಿನಲ್ಲಿ 20 ಹೋಂ ರನ್, 20 ಬೇಸ್ ಕಳವು ದಾಟಿದ. ಆದರೂ ಮೈನರ್ ಲೀಗಿನ ಅಂಕಿಗಳನ್ನಷ್ಟೇ ನಂಬಿ ಸಹಿ ಹಾಕಿಸುವುದಕ್ಕಿಂತ, ಮೇಜರ್ ಲೀಗಿನ ಪಿಚರ್‌ಗಳ ಎದುರು ಒಂದು ವರ್ಷ ಆಡಿದವನ ಮುಂದೆ ಕಾಗದ ಇಡುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಆರ್ಬಿಟ್ರೇಷನ್ ಇನ್ನೂ ದೂರ, ಭಯ ಇನ್ನೂ ಇದೆ, ಪ್ರತಿಭೆಯ ಬಗ್ಗೆ ಅಷ್ಟಿಷ್ಟು ಸಾಕ್ಷ್ಯವೂ ಸಿಕ್ಕಿರುತ್ತದೆ.

ಗೇಮ್‌ನಲ್ಲಿ ಇದಾವುದೂ ಬೇಡ, ಅಲ್ಲಿ ಹುಡುಗನ ಮುಂದಿನ ಸಾಮರ್ಥ್ಯ 20ರಿಂದ 80ರ ಅಳತೆಯಲ್ಲಿ ಪರದೆಯ ಮೇಲೇ ಕಾಣುತ್ತದಲ್ಲ ಎನ್ನುವ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಆದರೆ ಆ ಅಂಕಿ ಸ್ಕೌಟ್‌ನ ಅಂದಾಜು. ಸ್ಕೌಟ್ ಎಷ್ಟು ನಿಖರ ಎಂಬುದನ್ನು ನಾವೇ ಹೊಂದಿಸಬಹುದು. ಪ್ರತಿಭೆ ಎಷ್ಟು ಅನಿರೀಕ್ಷಿತವಾಗಿ ಏರಿಳಿಯಬೇಕು ಎಂಬುದಕ್ಕೂ ಔಟ್ ಆಫ್ ದಿ ಪಾರ್ಕ್‌ನಲ್ಲಿ ಒಂದು ಸೆಟ್ಟಿಂಗ್ ಇದೆ. ನಿನ್ನೆ 70 ಎಂದು ಕಂಡವನು ಒಂದು ಗಾಯದ ನಂತರ 50ಕ್ಕೆ ಇಳಿದಿರಬಹುದು. ಎಲ್ಲ ಮಂಜನ್ನೂ ತೆಗೆದುಹಾಕಿ, ನಿಜವಾದ ಅಂಕಿಗಳನ್ನೇ ನೋಡುತ್ತ ಆಡುವವರಿಗೆ ಮಾತ್ರ ಈ ಕರಾರು ಖಂಡಿತ ಲಾಭ. ಅಲ್ಲಿ ವಿಮೆಯೂ ಇಲ್ಲ, ನಿರ್ಣಯವೂ ಇಲ್ಲ. ಗೇಮ್‌ನ ಅತ್ಯಂತ ಸೊಗಸಾದ ಭಾಗವನ್ನು ಅವರು ತಾವೇ ಕಳೆದುಕೊಂಡಿದ್ದಾರೆ. ಈ ಗೇಮ್‌ನಲ್ಲಿ ಪ್ರತಿ ಆಟಗಾರನಿಗೂ ನಿಷ್ಠೆ, ಹಣದಾಸೆ, ಗೆಲ್ಲುವ ತಂಡದ ಹಂಬಲ ಎಂಬ ಸ್ವಭಾವದ ಅಳತೆಗಳಿವೆ. ಸಂಧಾನಕ್ಕೆ ಕೂರುವ ಮುನ್ನ ಪ್ರತಿಭೆಯ ಅಂಕಿಗಿಂತ ಇವನ್ನು ಮೊದಲು ಓದಬೇಕು. ಹಣದಾಸೆ ಕಡಿಮೆ, ನಿಷ್ಠೆ ಹೆಚ್ಚು ಎಂಬ ಹುಡುಗ ಎಷ್ಟು ಪ್ರೀಮಿಯಂ ಕೊಡಲು ಸಿದ್ಧನಿದ್ದಾನೆ ಎಂಬುದರ ಸುಳಿವು ಅಲ್ಲಿದೆ. ಮೇಲಿನ ಲೆಕ್ಕದಲ್ಲಿ ಖಾತರಿ ಹಣ 50 ಲಕ್ಷ ಹೆಚ್ಚಾದರೆ ಬೇಕಾದ ಸಂಭವ ಶೇ 44ರಿಂದ ಶೇ 53ಕ್ಕೆ ಹಾರುತ್ತದೆ. ಸ್ವಭಾವದ ಓದು ತೀರ್ಮಾನಿಸುವುದು ಆ 50 ಲಕ್ಷವನ್ನೇ.

ಪಿಚರ್‌ಗಳ ಮಾತು ಬೇರೆ. ಸ್ಪೆನ್ಸರ್ ಸ್ಟ್ರೈಡರ್ 2022ರಲ್ಲಿ ಆರು ವರ್ಷದ 7.5 ಕೋಟಿಗೆ ಸಹಿ ಹಾಕಿ, 2023ರಲ್ಲಿ 20 ಪಂದ್ಯ ಗೆದ್ದು 281 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ. 2024ರ ಏಪ್ರಿಲ್‌ನಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯಾಯಿತು. ಹಾಗಾಗಿ ಪಿಚರ್‌ಗಳ ಖಾತರಿ ವರ್ಷಗಳು ಕಡಿಮೆ ಇರಬೇಕು, ಆಪ್ಷನ್‌ಗಳು ಹೆಚ್ಚಿರಬೇಕು. ಟ್ಯಾಂಪಾ ಬೇ 2014ರಲ್ಲಿ ಕ್ರಿಸ್ ಆರ್ಚರ್ ಜೊತೆ ಮಾಡಿಕೊಂಡ ಆರು ವರ್ಷದ 2.55 ಕೋಟಿಯ ಕರಾರಿನಲ್ಲಿ ಅಂಥ ಆಪ್ಷನ್‌ಗಳಿದ್ದವು. 2018ರಲ್ಲಿ ಪಿಟ್ಸ್‌ಬರ್ಗ್ ಆತನನ್ನು ಪಡೆಯಲು ಟೈಲರ್ ಗ್ಲಾಸ್ನೋ, ಆಸ್ಟಿನ್ ಮೆಡೋಸ್, ಶೇನ್ ಬಾಸ್ ಮೂವರನ್ನೂ ಕೊಟ್ಟಿತು. ನಮ್ಮ ಕ್ಲಬ್ಬಿಗೆ ಹಣದ ಕೊರತೆಯಿಲ್ಲ, ಉಳಿತಾಯ ಏಕೆ ಎನ್ನುವವರಿಗೂ ಇದೇ ಉತ್ತರ. ಅಗ್ಗದ ಆಪ್ಷನ್‌ಗಳಿರುವ ಕರಾರು ಉಳಿತಾಯವಷ್ಟೇ ಅಲ್ಲ, ಪೇಟೆಯಲ್ಲಿ ಬೆಲೆಬಾಳುವ ಸರಕು ಕೂಡ.

ಕೊನೆಯ ಆಕ್ಷೇಪ ನ್ಯಾಯದ್ದು, ಅದನ್ನು ಹಗುರವಾಗಿ ನೋಡುವಂತಿಲ್ಲ. ಆಲ್ಬೀಸ್‌ನ ಕರಾರು ಹೊರಬಿದ್ದಾಗ, ಹುಡುಗನ ಭಯವನ್ನು ಕ್ಲಬ್ ಲಾಭಕ್ಕೆ ಬಳಸಿಕೊಂಡಿತೆಂಬ ಟೀಕೆ ಅಮೆರಿಕದ ಪತ್ರಿಕೆಗಳಲ್ಲಿ ಜೋರಾಗಿಯೇ ಬಂತು. ನಾಲ್ಕು ಸ್ವತಂತ್ರ ವರ್ಷಗಳನ್ನು ಆತ ತಲಾ 70 ಲಕ್ಷಕ್ಕೆ ಕೊಟ್ಟದ್ದು ನೋಡಿದರೆ ಟೀಕೆ ಸರಿಯೆಂದೇ ನನಗೂ ಅನಿಸುತ್ತದೆ. ಆದರೆ ಅನ್ಯಾಯದ ಬೇರು ಕರಾರಿನಲ್ಲಿಲ್ಲ. ಮೈನರ್ ಲೀಗಿನ ಬಡ ಸಂಬಳದಲ್ಲಿದೆ, ಅದಾದ ಮೇಲೆ ಮೂರು ವರ್ಷ ಎಷ್ಟೇ ಚೆನ್ನಾಗಿ ಆಡಿದರೂ ಕನಿಷ್ಠ ಸಂಬಳಕ್ಕೇ ಕಟ್ಟಿಹಾಕುವ ನಿಯಮದಲ್ಲಿದೆ. ಆ ಭಯ ಇರುವವರೆಗೆ ಅದನ್ನು ಕೊಳ್ಳುವವರೂ ಇರುತ್ತಾರೆ. 2022ರ ಕಾರ್ಮಿಕ ಒಪ್ಪಂದ ಕನಿಷ್ಠ ಸಂಬಳವನ್ನು 5.7 ಲಕ್ಷದಿಂದ 7 ಲಕ್ಷಕ್ಕೆ ಏರಿಸಿತು. ಆರ್ಬಿಟ್ರೇಷನ್ ತಲುಪದ ಎಳೆಯರಿಗಾಗಿ ವರ್ಷಕ್ಕೆ 5 ಕೋಟಿಯ ಬೋನಸ್ ನಿಧಿಯನ್ನೂ ಇಟ್ಟಿತು. ಆ ಒಪ್ಪಂದದ ಅವಧಿ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಹೊಸ ಒಪ್ಪಂದ ಮೊದಲ ವರ್ಷಗಳ ಸಂಬಳವನ್ನು ಇನ್ನಷ್ಟು ಏರಿಸಿದರೆ, ಅಥವಾ ಬಿಡುಗಡೆಯನ್ನು ಆರರಿಂದ ಐದನೇ ವರ್ಷಕ್ಕೆ ತಂದರೆ, ಇಂಥ ಕರಾರುಗಳ ಬೆಲೆ ಕೂಡಲೇ ಬದಲಾಗುತ್ತದೆ. ಕನಿಷ್ಠ ಸಂಬಳ, ಸೇವೆಯ ವರ್ಷ, ಆರ್ಬಿಟ್ರೇಷನ್ ಎಲ್ಲವನ್ನೂ ಲೀಗಿನ ಸೆಟ್ಟಿಂಗ್‌ಗಳಲ್ಲಿ ಬದಲಿಸಲು ಗೇಮ್ ಬಿಡುತ್ತದೆ. ಹಾಗೆ ಬದಲಿಸಿದ ಲೀಗಿನಲ್ಲಿ ಹಳೆಯ ಬುದ್ಧಿಮಾತನ್ನೇ ಹಿಡಿದು ಐದು ವರ್ಷದ ಖಾತರಿ ಕೊಡುವ ಮುನ್ನ, ಆಪ್ಷನ್ ವರ್ಷಗಳು ಈಗ ಎಲ್ಲಿಂದ ಶುರುವಾಗುತ್ತವೆ, ಹುಡುಗನ ಕೈಯಲ್ಲಿ ಆಗಲೇ ಎಷ್ಟು ಹಣ ಸೇರಿರುತ್ತದೆ ಎಂದು ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ.